ಫ್ವಾ ಕೌಂಟ್ ಗಾಸ್ತೋನ್ ಫೆಬ್ಯೂಸ್: ಅಪ್ಪ ಮಗನನ್ನು ಕೊಂದನೇ, ಮಗ ಅಪ್ಪನನ್ನು ಕೊಲ್ಲಲು ಹೊರಟಿದ್ದನೇ?

ಕೋಟೆಬಾಗಿಲು:

ಮಧ್ಯಯುಗದ ಫ್ರಾನ್ಸ್ ಎಂದ ಕೂಡಲೇ ಇಲ್ಲಿ ಮಾತು ಪ್ಯಾರಿಸ್ಸಿನ ಸುತ್ತಲೇ ಗಿರಕಿ ಹೊಡೆಯುತ್ತದೆ. ಈ ಸಲ ದಕ್ಷಿಣಕ್ಕೆ, ಪಿರನೀಸ್ ಬೆಟ್ಟಗಳ ಬುಡಕ್ಕೆ ಹೋಗೋಣ. ಅಲ್ಲಿನ ಒಬ್ಬ ಶ್ರೀಮಂತನ ಮನೆಯ ಕಥೆ ಬಹಳ ದಿನಗಳಿಂದ ನನ್ನನ್ನು ಕಾಡುತ್ತಿದೆ. ಹೆಸರು ಗಾಸ್ತೋನ್, ಆ ಹೆಸರಿನ ಫ್ವಾ ಕೌಂಟ್‌ಗಳಲ್ಲಿ ಮೂರನೆಯವನು. ಹುಟ್ಟಿದ್ದು 1331ರಲ್ಲಿ. ಹೊಂಗೂದಲಿನ ರೂಪವಂತ ಎಂದು ಹೊಗಳಿಸಿಕೊಂಡವನು ಸೂರ್ಯದೇವನ ಹೆಸರನ್ನೇ ತನಗೆ ಇಟ್ಟುಕೊಂಡು 'ಫೆಬ್ಯೂಸ್' ಆದ. ತಾನು ಕಟ್ಟಿಸಿದ ಮೊಂತಾನೆ ಕೋಟೆಯ ಬಾಗಿಲ ಮೇಲೆ 'ಫೆಬ್ಯೂಸ್ ನನ್ನನ್ನು ಮಾಡಿದ' ಎಂದು ಕಲ್ಲಿನ ಬಾಯಲ್ಲೇ ಹೇಳಿಸಿದ. ವಿನಯಕ್ಕೂ ಈ ಮನುಷ್ಯನಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಅವನ ಕೈಯಲ್ಲಿದ್ದ ಎರಡು ಮುಖ್ಯ ಸೀಮೆಗಳು ಫ್ವಾ ಮತ್ತು ಬೆಯಾರ್ನ್. ಫ್ವಾ ಸೀಮೆಗೆ ಫ್ರಾನ್ಸಿನ ದೊರೆ ಒಡೆಯ. ಬೆಯಾರ್ನ್ ವಿಷಯ ಕಗ್ಗಂಟು: ಅಕ್ವಿಟೇನಿನ ಡ್ಯೂಕ್ ಆಗಿದ್ದ ಇಂಗ್ಲೆಂಡಿನ ದೊರೆಯೂ ಅದು ತನ್ನದೆನ್ನುತ್ತಿದ್ದ, ಫ್ರಾನ್ಸಿನ ದೊರೆಯೂ ಕೈ ಚಾಚುತ್ತಿದ್ದ. 1347ರಲ್ಲಿ ಫ್ರಾನ್ಸಿನ ದೂತ ಬೆಯಾರ್ನ್‌ನಲ್ಲಿ ಅವನ ಅರಮನೆಯಿದ್ದ ಊರಾದ ಓರ್ತೆಜ್‌ಗೆ ಬಂದು ನಿಷ್ಠೆ ಕೇಳಿದಾಗ ಹದಿನಾರರ ಈ ಹುಡುಗ, ಬೆಯಾರ್ನ್ ನೆಲವನ್ನು ತಾನು ದೇವರಿಂದ ಪಡೆದಿದ್ದೇನೆ, ಲೋಕದ ಬೇರೆ ಯಾವ ಮನುಷ್ಯನಿಂದಲೂ ಅಲ್ಲ ಎಂದು ಉತ್ತರ ಕೊಟ್ಟು ಕಳಿಸಿದ. ಎರಡು ದೊಡ್ಡ ರಾಜ್ಯಗಳು ಕಚ್ಚಾಡುತ್ತಿದ್ದ ಕಾಲದಲ್ಲಿ ನಡುವೆ ಕುಳಿತು ಎರಡೂ ಕಡೆಯವರನ್ನು ನಲವತ್ತು ವರ್ಷಕ್ಕೂ ಮೇಲ್ಪಟ್ಟು ಆಡಿಸಿದ.

ಆದರೆ ನನ್ನ ಪ್ರಶ್ನೆ ರಾಜಕೀಯದ್ದಲ್ಲ, ಮನೆಯೊಳಗಿನದ್ದು. 1380ರಲ್ಲಿ ಅವನ ಏಕೈಕ ಸಕ್ರಮ ಮಗ, ಅವನ ಹೆಸರೂ ಗಾಸ್ತೋನ್, ಅಪ್ಪನ ಸೆರೆಯಲ್ಲಿ ಸತ್ತ. ಹೇಗೆ ಸತ್ತ ಎಂಬುದಕ್ಕೆ ಹೆಚ್ಚು ಪ್ರಸಿದ್ಧವಾದ ಕಥೆ ಫ್ರ್ವಾಸಾರ್ ಎಂಬ ಚರಿತ್ರೆಕಾರನದು. ಸಂಕ್ಷಿಪ್ತವಾಗಿ ಹೇಳುತ್ತೇನೆ.

ಹುಡುಗನ ತಾಯಿ ಆನ್ಯೆಸ್ ಗಂಡನನ್ನು ಬಿಟ್ಟು ನವಾರ್‌ನಲ್ಲಿ, ತನ್ನ ಅಣ್ಣನಾದ ದೊರೆ ಚಾರ್ಲ್ಸ್‌ನ ಆಸರೆಯಲ್ಲಿ ಇದ್ದಳು. ಈ ಚಾರ್ಲ್ಸ್‌ನನ್ನು ಚರಿತ್ರೆ ನೆನಪಿಡುವುದೇ 'ದುಷ್ಟ ಚಾರ್ಲ್ಸ್' ಎಂದು. ತಾಯಿಯನ್ನು ನೋಡಲು ಹೋದ ಹುಡುಗನಿಗೆ ಸೋದರಮಾವ ಒಂದು ಪುಡಿಯ ಚೀಲ ಕೊಟ್ಟು, ಇದನ್ನು ಅಪ್ಪನ ಊಟದಲ್ಲಿ ಬೆರೆಸಿದರೆ ಅವನಿಗೆ ನಿನ್ನ ಅಮ್ಮನ ಮೇಲೆ ಮತ್ತೆ ಪ್ರೀತಿ ಹುಟ್ಟುತ್ತದೆ, ಯಾರಿಗೂ ಹೇಳಬೇಡ ಎಂದ. ಹುಡುಗ ಅದನ್ನು ಎದೆಯ ಮೇಲೆ ಅಂಗಿಯೊಳಗೆ ಕಟ್ಟಿಕೊಂಡು ಬಂದ. ಜೊತೆಯಲ್ಲಿ ಮಲಗುತ್ತಿದ್ದ ಇವೇನ್, ಅಂದರೆ ಕೌಂಟನಿಗೆ ಮದುವೆಯ ಹೊರಗೆ ಹುಟ್ಟಿದ ಮಗ, ಆ ಚೀಲವನ್ನು ಕಂಡ. ಕೆಲವು ದಿನಗಳ ನಂತರ ಚೆಂಡಾಟದಲ್ಲಿ ಇಬ್ಬರಿಗೂ ಜಗಳವಾಗಿ ಗಾಸ್ತೋನ್ ಕೆನ್ನೆಗೆ ಹೊಡೆದ. ಇವೇನ್ ಅಳುತ್ತ ಹೋಗಿ ಚೀಲದ ಸಂಗತಿಯನ್ನು ಅಪ್ಪನಿಗೆ ಹೇಳಿಬಿಟ್ಟ.

ಊಟದ ಹೊತ್ತಿಗೆ ಅಪ್ಪನಿಗೆ ಬಡಿಸುವುದು ಮಗನ ಕೆಲಸ. ಅಂಗಿಯೊಳಗಿಂದ ಇಣುಕುತ್ತಿದ್ದ ದಾರಗಳನ್ನು ಕೌಂಟ್ ಕಂಡ, ಹತ್ತಿರ ಕರೆದ, ಚಾಕುವಿನಿಂದ ದಾರ ಕತ್ತರಿಸಿ ಚೀಲ ತೆಗೆದ. ಬ್ರೆಡ್ಡಿನ ತುಂಡಿನ ಮೇಲೆ ಪುಡಿ ಉದುರಿಸಿ ಪಕ್ಕದಲ್ಲಿದ್ದ ಬೇಟೆನಾಯಿಗೆ ಹಾಕಿದ. ನಾಯಿ ಅಲ್ಲೇ ಕಾಲು ಚಾಚಿ ಸತ್ತಿತು. ಮಗನನ್ನು ಗೋಪುರದ ಕತ್ತಲೆಕೋಣೆಗೆ ತಳ್ಳಿದರು. ಅವನ ಪರಿವಾರದ ಹದಿನೈದು ಮಂದಿ ಯುವಕರ ತಲೆ ಹೋಯಿತು. ಹುಡುಗ ಹತ್ತು ದಿನ ಊಟ ಮುಟ್ಟಲಿಲ್ಲ. ಸುದ್ದಿ ಕೇಳಿದ ಅಪ್ಪ ಉಗುರು ಕತ್ತರಿಸಿಕೊಳ್ಳುತ್ತಿದ್ದ ಚಾಕುವನ್ನು ಹಿಡಿದುಕೊಂಡೇ ಸಿಟ್ಟಿನಿಂದ ಹೋಗಿ, ದ್ರೋಹಿ, ಯಾಕೆ ತಿನ್ನುವುದಿಲ್ಲ ಎಂದು ಗಂಟಲಿಗೆ ತಿವಿದ. ಬೆರಳುಗಳ ನಡುವಿನಿಂದ ಅಲಗು ಹೊರಗೆ ಬಂದಿದ್ದದ್ದು ಒಂದು ನಾಣ್ಯದ ದಪ್ಪದಷ್ಟು ಮಾತ್ರವಂತೆ. ಅದೇ ಒಂದು ನರವನ್ನು ಸೀಳಿತು, ಹಸಿವಿನಿಂದ ಸೋತಿದ್ದ ಹುಡುಗ ಸತ್ತ.

ಇದನ್ನು ನೀವು ನಂಬುತ್ತೀರಾ?

ಕಡತಪ್ರಿಯ:

ಕೋಟೆಬಾಗಿಲು ಅವರೇ, ಕಥೆಯನ್ನು ಚೆನ್ನಾಗಿ ಹೇಳಿದಿರಿ. ಅದೇ ನನ್ನ ಅನುಮಾನಕ್ಕೂ ಕಾರಣ. ಇದು ಅತಿ ಚೆನ್ನಾಗಿದೆ. ಚೀಲ, ದಾರ, ನಾಯಿ, ಉಗುರು, ನಾಣ್ಯದ ದಪ್ಪ... ಎಲ್ಲವೂ ಕಣ್ಣಿಗೆ ಕಟ್ಟುತ್ತದೆ. ಆದರೆ ಫ್ರ್ವಾಸಾರ್ ಓರ್ತೆಜ್‌ಗೆ ಕಾಲಿಟ್ಟದ್ದು 1388ರ ನವೆಂಬರಿನಲ್ಲಿ. ಘಟನೆ ನಡೆದು ಎಂಟು ವರ್ಷವಾಗಿತ್ತು. ಅವನಿಗೆ ಇದನ್ನು ಹೇಳಿದವನು ಅದೇ ಅರಮನೆಯ ಒಬ್ಬ ಹಳೆಯ ಸೇವಕ. ಯಜಮಾನನ ಅನ್ನ ತಿನ್ನುವವನು ಯಜಮಾನನ ಅತಿಥಿಗೆ ಹೇಳಿದ ಕಥೆ ಇದು. ಆ ಕಥೆಯಲ್ಲಿ ತಪ್ಪು ಯಾರದು ನೋಡಿ. ವಿಷ ಕೊಟ್ಟವನು ನವಾರ್‌ನ ದುಷ್ಟ ಚಾರ್ಲ್ಸ್. ಅವನು 1387ರಲ್ಲೇ ಸತ್ತಿದ್ದ, ಬಂದು ಅಲ್ಲಗಳೆಯುವ ಹಾಗಿರಲಿಲ್ಲ. ಮಗ ಮುಗ್ಧ ಪೆದ್ದ. ಅಪ್ಪನದು ಕೈ ತಪ್ಪಿದ ಅಪಘಾತ. ಮನೆಯ ಮಾನ ಇಷ್ಟು ಅಚ್ಚುಕಟ್ಟಾಗಿ ಉಳಿಯುವ ಕಥೆ ತಾನಾಗಿ ಹುಟ್ಟುವುದಿಲ್ಲ.

ಇನ್ನೊಂದು ಸಂಗತಿ ವಯಸ್ಸು. ಫ್ರ್ವಾಸಾರ್ ಅವನನ್ನು ಹದಿನೈದು ಹದಿನಾರರ ಹುಡುಗ ಎನ್ನುತ್ತಾನೆ. ಹುಟ್ಟಿದ್ದು 1362ರ ಸೆಪ್ಟೆಂಬರಿನಲ್ಲಿ, ಅಂದರೆ 1380ರ ಬೇಸಗೆಗೆ ಹದಿನೆಂಟು ತುಂಬುತ್ತ ಬಂದಿತ್ತು. ಹಿಂದಿನ ವರ್ಷವಷ್ಟೇ ಅರ್ಮಾನ್ಯಾಕ್ ಕೌಂಟನ ಮನೆಯ ಬೆಯಾತ್ರಿಸ್ ಜೊತೆ ಮದುವೆಯಾಗಿತ್ತು. ಮದುವೆಯಾದರೂ ಸ್ವಂತಕ್ಕೆ ಸೀಮೆಯಿಲ್ಲ, ಆದಾಯವಿಲ್ಲ, ಅಧಿಕಾರವಿಲ್ಲ. ಅಪ್ಪನಿಗೆ ಇನ್ನೂ ಐವತ್ತೂ ಆಗಿರಲಿಲ್ಲ, ಗಟ್ಟಿಮುಟ್ಟಾಗಿದ್ದ. ಪ್ರೇಮದ ಪುಡಿ ಎಂದರೆ ನಂಬುವ ವಯಸ್ಸಲ್ಲ ಅದು. ಅಧಿಕಾರಕ್ಕೆ ಕಾತರಿಸುವ ವಯಸ್ಸು. ಇದೇ ಸಮಯಕ್ಕೆ ಲೆಸ್ಕಾರ್‌ನ ಬಿಷಪ್ ಬೆಯಾರ್ನ್ ಬಿಟ್ಟು ಓಡಿಹೋದ ಎಂಬುದನ್ನು ಇದರ ಪಕ್ಕದಲ್ಲಿ ಇಡಿ. ಬಿಷಪ್, ಅತೃಪ್ತ ಸರದಾರರು, ನವಾರ್‌ನ ಮಾವ, ನಡುವೆ ಮಗ. ಇತಿಹಾಸಕಾರರು ಇದನ್ನು ಪಿತೂರಿ ಎಂದು ಓದುವುದು ಸುಮ್ಮನಲ್ಲ. ಹದಿನೈದು ತಲೆಗಳು ಒಂದು ಚೀಲ ಪುಡಿಗಾಗಿ ಉರುಳುವುದಿಲ್ಲ.

ಹೊಸ ಓದುಗ:

ನಾನು ಈ ವಿಷಯಕ್ಕೆ ಹೊಸಬ. ಈ ಫ್ರ್ವಾಸಾರ್ ಅಷ್ಟು ದೂರ ಯಾಕೆ ಹೋದ? ಕೌಂಟ್ ತನ್ನ ಮನೆಯ ಗುಟ್ಟು ಬರೆಯುವವನನ್ನು ಒಳಗೆ ಬಿಟ್ಟುಕೊಂಡದ್ದಾದರೂ ಯಾಕೆ?

ಕೋಟೆಬಾಗಿಲು:

ಒಳ್ಳೆಯ ಪ್ರಶ್ನೆ. ಫ್ರ್ವಾಸಾರ್ ಈಗಿನ ಉತ್ತರ ಫ್ರಾನ್ಸಿನ ವಲಾನ್ಸಿಯೆನ್‌ನವನು. ಯುದ್ಧದ ಚರಿತ್ರೆ ಬರೆಯುತ್ತಿದ್ದವನಿಗೆ ಸ್ಪೇನ್, ಪೋರ್ಚುಗಲ್, ಗ್ಯಾಸ್ಕನಿಯ ಸುದ್ದಿ ಬೇಕಿತ್ತು. ಆ ಮೂರೂ ಕಡೆಯ ಸೈನಿಕರು, ದೂತರು ಬಂದು ಹೋಗುವ ಜಾಗ ಓರ್ತೆಜ್. ಬರಿಗೈಯಲ್ಲಿ ಹೋಗಲಿಲ್ಲ, ನಾಲ್ಕು ಬೇಟೆನಾಯಿಗಳನ್ನು ಉಡುಗೊರೆಯಾಗಿ ಕರೆದೊಯ್ದ. ಅವುಗಳ ಹೆಸರೂ ದಾಖಲಾಗಿದೆ: ತ್ರಿಸ್ತಾನ್, ಹೆಕ್ಟರ್, ಬ್ರನ್, ರೋಲಾನ್. ದಾರಿಯಲ್ಲಿ ಕೌಂಟನ ಸರದಾರ ಎಸ್ಪಾನ್ ದ ಲಿಯೋನ್ ಜೊತೆಗೆ ಸಿಕ್ಕ. ಪ್ರತಿ ಕೋಟೆ, ಪ್ರತಿ ಹೊಳೆ ಬಂದಾಗಲೂ ಅದರ ಕಥೆ ಹೇಳುತ್ತಿದ್ದ ಆ ಮನುಷ್ಯ ಮಗನ ಸಾವಿನ ಮಾತು ಬಂದಾಗ ಮಾತ್ರ ಬಾಯಿ ಬಿಡಲಿಲ್ಲ.

ಅರಮನೆಯ ದಿನಚರಿ ವಿಚಿತ್ರ. ಕೌಂಟ್ ಹಗಲು ತಡವಾಗಿ ಏಳುತ್ತಿದ್ದ, ರಾತ್ರಿಯ ಊಟ ನಡುರಾತ್ರಿಗೆ. ಹನ್ನೆರಡು ಮಂದಿ ಆಳುಗಳು ಹನ್ನೆರಡು ಪಂಜು ಹಿಡಿದು ಮೇಜಿನ ಸುತ್ತ ನಿಲ್ಲುತ್ತಿದ್ದರು. ಸಭಾಂಗಣದ ತುಂಬ ಸರದಾರರು. ತಾನಾಗಿ ಕರೆಯದೆ ಯಾರೂ ಅವನೊಡನೆ ಮಾತನಾಡುವಂತಿರಲಿಲ್ಲ. ಆ ಹೊತ್ತಿನಲ್ಲಿ ಫ್ರ್ವಾಸಾರ್ ತಾನು ಬರೆದ ಉದ್ದನೆಯ ಸಾಹಸ ಕಾವ್ಯವನ್ನು ರಾತ್ರಿಗಿಷ್ಟು ಎಂದು ಓದಿದ. ಓದು ಮುಗಿದ ಮೇಲೆ ಕೌಂಟ್ ತನ್ನ ಬಟ್ಟಲಿನಲ್ಲಿ ಉಳಿದ ವೈನನ್ನು ಕಳಿಸಿಕೊಡುತ್ತಿದ್ದ. ಹೊರಡುವಾಗ 80 ಫ್ಲೋರಿನ್ ಸಂಭಾವನೆ. ಆ ಹಣ ಅವಿನ್ಯೋನ್‌ನಲ್ಲಿ ಕಳ್ಳತನವಾಯಿತು, ಬಡಪಾಯಿ ಅದರ ಮೇಲೂ ಒಂದು ಪದ್ಯ ಬರೆದ.

ಒಳಗೆ ಬಿಟ್ಟುಕೊಂಡ ಕಾರಣ ಸರಳ. ಫ್ರ್ವಾಸಾರ್ ಬರೆಯುವ ಚರಿತ್ರೆಯಲ್ಲಿ ಯಾರ ಹೆಸರು ಇರುತ್ತದೋ ಅವರು ಉಳಿಯುತ್ತಾರೆ ಎಂದು ಆ ಕಾಲದ ಶ್ರೀಮಂತರಿಗೆ ಗೊತ್ತಿತ್ತು. ಫೆಬ್ಯೂಸ್‌ಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಹಾಗಾಗಿ ಕಡತಪ್ರಿಯರ ವಾದ ನನಗೆ ಅರ್ಧ ಒಪ್ಪಿಗೆ. ಅರ್ಧ ಯಾಕೆಂದರೆ, ಮಾನ ಉಳಿಸುವುದೇ ಉದ್ದೇಶವಾಗಿದ್ದರೆ ಹುಡುಗ ಕಾಯಿಲೆಯಿಂದ ಸತ್ತ ಎಂದು ಹೇಳಿದ್ದರೆ ಸಾಕಾಗಿತ್ತು. ಗಂಟಲಿಗೆ ಚಾಕು ಹಿಡಿದದ್ದನ್ನು ಯಾಕೆ ಹೇಳಬೇಕು?

ಕಡತಪ್ರಿಯ:

ಸೆರೆಯಲ್ಲಿಟ್ಟದ್ದು ಇಡೀ ಸೀಮೆಗೆ ಗೊತ್ತಿತ್ತು. ಬೆಯಾರ್ನ್‌ನ ಪ್ರಮುಖರನ್ನು ಓರ್ತೆಜ್‌ಗೆ ಕರೆಸಿ ಮಗನನ್ನು ಕೊಲ್ಲುತ್ತೇನೆ ಎಂದಾಗ ಅವರೇ ಬೇಡಿಕೊಂಡು ತಡೆದರು ಎಂದು ಫ್ರ್ವಾಸಾರನೇ ಬರೆಯುತ್ತಾನೆ. ಅವಿನ್ಯೋನ್‌ನ ಪೋಪ್ ಮಧ್ಯಸ್ಥಿಕೆಗೆ ಒಬ್ಬ ಕಾರ್ಡಿನಲ್‌ನನ್ನು ಕಳಿಸಿದ್ದ. ಬೆಜಿಯೆ ತಲುಪುವಷ್ಟರಲ್ಲಿ ಸಾವಿನ ಸುದ್ದಿ ಬಂದು ಅವನು ಅಲ್ಲಿಂದಲೇ ಹಿಂದಿರುಗಿದ. ಇಷ್ಟು ಬಹಿರಂಗವಾದದ್ದಕ್ಕೆ ಜ್ವರ ಬಂದು ಸತ್ತ ಎಂಬ ಸುಳ್ಳು ನಡೆಯುವುದಿಲ್ಲ. ಮುಚ್ಚಿಡಲಾಗದಿದ್ದಾಗ ಉಳಿಯುವ ದಾರಿ ಒಂದೇ: ಅಪ್ಪ ಹೋದದ್ದು ಗದರಿಸಲು, ಕೊಲ್ಲಲು ಅಲ್ಲ ಎನ್ನುವುದು.

ಅಜ್ಜಿಯ ಪೆಟ್ಟಿಗೆ:

ನೀವಿಬ್ಬರೂ ಚಾಕುವಿನ ಅಲಗನ್ನೇ ಅಳೆಯುತ್ತ ಕುಳಿತಿದ್ದೀರಿ. ಈ ಮನೆಯ ಹೆಂಗಸರನ್ನು ಒಮ್ಮೆ ನೋಡಿ. ಹತ್ತಿರದ ಬಂಧುಗಳನ್ನು ಗೋಪುರದಲ್ಲಿ ಕೂಡಿಹಾಕುವುದು ಫೆಬ್ಯೂಸ್ ಕಂಡುಹಿಡಿದದ್ದಲ್ಲ. ಅವನ ಅಪ್ಪ ಎರಡನೆಯ ಗಾಸ್ತೋನ್ 1331ರಲ್ಲಿ, ಇವನು ಹುಟ್ಟಿದ ವರ್ಷದಲ್ಲೇ, ತನ್ನ ಹೆತ್ತ ತಾಯಿಯನ್ನು ಸೆರೆಗೆ ಹಾಕಿದ. ಆಕೆ ಆರ್ತ್ವಾದ ಜಾನ್. ಹೊರಗೆ ಹೇಳಿದ ಕಾರಣ ಆಕೆಯ ನಡತೆ ಸರಿಯಿಲ್ಲ, ಮನೆಯ ಆಸ್ತಿ ಹಾಳು ಮಾಡುತ್ತಾಳೆ ಎಂದು. ವಿಧವೆ ಅತ್ತೆಯ ಬಾಯಿ ಮುಚ್ಚಿಸಲು ಈ ಎರಡು ಕಾರಣಗಳನ್ನು ಎಷ್ಟು ಮನೆಗಳು ಹೇಳಿವೆಯೋ! ಒಂದು ಕೋಟೆಯಿಂದ ಇನ್ನೊಂದಕ್ಕೆ ಸಾಗಿಸುತ್ತ ವರ್ಷಗಟ್ಟಲೆ ಇಟ್ಟರು. ಫೆಬ್ಯೂಸ್ ಬೆಳೆದದ್ದು ಅಜ್ಜಿ ಬೀಗದೊಳಗೆ ಇದ್ದ ಮನೆಯಲ್ಲಿ.

ಈ ಜಾನ್ ಯಾರ ತಂಗಿ ಗೊತ್ತೇ? ಆರ್ತ್ವಾದ ಮೂರನೆಯ ರಾಬರ್ಟ್‌ನ ತಂಗಿ. ಸೋದರತ್ತೆ ಮಾವೋ ಜೊತೆ ಆರ್ತ್ವಾ ಸೀಮೆಗಾಗಿ ವ್ಯಾಜ್ಯ ಹೂಡಿ, ಸುಳ್ಳು ಪತ್ರ ಸೃಷ್ಟಿಸಿ ಸಿಕ್ಕಿಬಿದ್ದು, ಇಂಗ್ಲೆಂಡಿಗೆ ಓಡಿಹೋಗಿ ಎಡ್ವರ್ಡ್ ದೊರೆಯ ಕಿವಿಯೂದಿದ ಅದೇ ರಾಬರ್ಟ್. ತವರಿನ ಕಡೆಯ ರಕ್ತವೂ ಕಡಿಮೆ ಬಿಸಿಯದಲ್ಲ.

ಫೆಬ್ಯೂಸ್‌ನ ತಾಯಿ ಅಲಿಯೆನೋರ್ ಕೊಮ್ಯಾಂಜ್ ಮನೆಯವಳು. ಗಂಡ 1343ರಲ್ಲಿ ಸ್ಪೇನಿನಲ್ಲಿ, ಅಲ್ಜೆಸಿರಾಸ್ ಮುತ್ತಿಗೆಯ ಕಾಲದಲ್ಲಿ ಸತ್ತಾಗ ಮಗನಿಗೆ ಹನ್ನೆರಡು. ಅವನ ಹೆಸರಿನಲ್ಲಿ ಆಡಳಿತ ನಡೆಸಿದಳು, ಮಗನನ್ನು ಜೊತೆಗೆ ಕರೆದುಕೊಂಡು ಊರೂರು ಸುತ್ತಿ ಸಾಮಂತರಿಂದ ನಿಷ್ಠೆಯ ಪ್ರಮಾಣ ತೆಗೆದುಕೊಂಡಳು. 1347ರಲ್ಲಿ ದೂತನಿಗೆ ಕೊಟ್ಟ ಆ ಗಟ್ಟಿ ಉತ್ತರದ ಹಿಂದೆ ತಾಯಿಯ ಪಾಠವಿದೆ ಎಂದು ನನ್ನ ಅನಿಸಿಕೆ.

ಇನ್ನು ಆನ್ಯೆಸ್. ನವಾರ್‌ನ ರಾಜಕುಮಾರಿ. 1349ರಲ್ಲಿ ಮದುವೆ. ಹದಿಮೂರು ವರ್ಷ ಕಾದ ಮೇಲೆ 1362ರ ಸೆಪ್ಟೆಂಬರಿನಲ್ಲಿ ಗಂಡುಮಗು. ಅದೇ ವರ್ಷದ ಡಿಸೆಂಬರಿನಲ್ಲಿ ಆಕೆಯನ್ನು ತವರಿಗೆ ಅಟ್ಟಿದರು. ಮೂರು ತಿಂಗಳ ಕೂಸು ಇಲ್ಲೇ ಉಳಿಯಿತು. ತವರಿನಿಂದ ಬರಬೇಕಿದ್ದ ವರದಕ್ಷಿಣೆ ಪೂರ್ತಿ ಬಂದಿರಲಿಲ್ಲ. ಗಂಡು ಹುಟ್ಟುವವರೆಗೆ ಸಹಿಸಿಕೊಂಡು, ಹುಟ್ಟಿದ ಕೂಡಲೇ ಲೆಕ್ಕ ತೆಗೆದ ಗಂಡ. ಹದಿನೆಂಟು ವರ್ಷದ ನಂತರ ಅದೇ ಮಗ ತಾಯಿಯ ಕಡೆಯವರ ಮಾತು ಕೇಳಿದ ಎಂದರೆ ನನಗೆ ಪುಡಿಯೂ ಬೇಡ, ಪಿತೂರಿಯೂ ಬೇಡ.

ಕೋಟೆಬಾಗಿಲು:

ಆನ್ಯೆಸ್ ವಿಷಯವನ್ನು ಫ್ರ್ವಾಸಾರ್ ಬೇರೆ ರೀತಿ ಹೇಳುತ್ತಾನೆ. ಯುದ್ಧದಲ್ಲಿ ಫೆಬ್ಯೂಸ್‌ಗೆ ಸೆರೆಸಿಕ್ಕಿದ್ದ ಆಲ್ಬ್ರೆ ಸರದಾರ ಕೊಡಬೇಕಿದ್ದ ಬಿಡುಗಡೆ ಹಣ 50 ಸಾವಿರ ಫ್ರಾಂಕಿಗೆ ನವಾರ್ ದೊರೆ ಜಾಮೀನು ನಿಂತಿದ್ದನಂತೆ. ಆ ಹಣವನ್ನು ಅಣ್ಣನಿಂದ ವಸೂಲಿ ಮಾಡಿ ತರಲು ಆನ್ಯೆಸ್ ಹೋದಳು, ಅಣ್ಣ ಕೊಡಲಿಲ್ಲ, ಗಂಡನ ಸಿಟ್ಟಿಗೆ ಹೆದರಿ ಆಕೆ ಹಿಂದಿರುಗಲಿಲ್ಲ.

ಅಜ್ಜಿಯ ಪೆಟ್ಟಿಗೆ:

ಅಟ್ಟಿದ್ದನ್ನು 'ತಾನಾಗಿ ಹೋದಳು, ತಾನಾಗಿ ಬರಲಿಲ್ಲ' ಎನ್ನುವುದು. ಅದನ್ನೂ ಓರ್ತೆಜ್‌ನವರೇ ಹೇಳಿಕೊಟ್ಟಿರಬೇಕು.

ರೊಕ್ಕದ ಗೂಡು:

ಕೊನೆಗೂ ಹಣದ ಮಾತು ಬಂತು. ಫೆಬ್ಯೂಸ್‌ನನ್ನು ಅರ್ಥ ಮಾಡಿಕೊಳ್ಳಲು ಒಂದೇ ದಿನಾಂಕ ಸಾಕು: 1362ರ ಡಿಸೆಂಬರ್ 5, ಲೋನಾಕ್ ಯುದ್ಧ. ತುಲೂಸ್ ಹತ್ತಿರದ ಊರು. ಎದುರಾಳಿ ಅರ್ಮಾನ್ಯಾಕ್ ಕೌಂಟ್ ಜಾನ್, ಅವನ ಜೊತೆಗೆ ಆಲ್ಬ್ರೆ ಮನೆಯವರು. ಜಗಳದ ಬೇರು ಹೆಣ್ಣುಮಕ್ಕಳ ಪಾಲಿನಲ್ಲಿತ್ತು. 1290ರಲ್ಲಿ ಬೆಯಾರ್ನ್‌ನ ಏಳನೆಯ ಗಾಸ್ತೋನ್ ಗಂಡುಮಕ್ಕಳಿಲ್ಲದೆ ಸತ್ತ. ಮಗಳು ಮಾರ್ಗರಿತ್ ಫ್ವಾ ಮನೆಯ ಸೊಸೆ, ಇನ್ನೊಬ್ಬ ಮಗಳು ಮಾತ್ ಅರ್ಮಾನ್ಯಾಕ್ ಮನೆಯ ಸೊಸೆ. ಬೆಯಾರ್ನ್ ಫ್ವಾ ಮನೆಗೆ ಬಂತು. ಅರ್ಮಾನ್ಯಾಕ್‌ನವರು ಮೋಸ ಎಂದರು. ಎಪ್ಪತ್ತು ವರ್ಷ ಹೊಡೆದಾಡಿದರು. ಮಾರ್ಗರಿತ್ ಫೆಬ್ಯೂಸ್‌ನ ಮುತ್ತಜ್ಜಿ.

ಲೋನಾಕ್‌ನಲ್ಲಿ ಫೆಬ್ಯೂಸ್ ಅರ್ಮಾನ್ಯಾಕ್ ಕೌಂಟನನ್ನೇ ಜೀವಂತ ಹಿಡಿದ, ಅವನ ಜೊತೆಗಿದ್ದ ದೊಡ್ಡವರೆಲ್ಲ ಸೆರೆಯಾದರು. ಆ ಕಾಲದ ಯುದ್ಧದಲ್ಲಿ ಶ್ರೀಮಂತ ಶತ್ರುವನ್ನು ಕೊಲ್ಲುವುದು ದಡ್ಡತನ, ಹಿಡಿದರೆ ಬಿಡುಗಡೆ ಹಣ ಸಿಗುತ್ತದೆ. ಅರ್ಮಾನ್ಯಾಕ್ ಒಬ್ಬನ ಮೇಲೆಯೇ 3 ಲಕ್ಷ ಫ್ಲೋರಿನ್ ಹೊರಿಸಿದ. ಕಂತುಗಳಲ್ಲಿ ವರ್ಷಾನುಗಟ್ಟಲೆ ಹಣ ಹರಿದು ಬಂತು. ಆನ್ಯೆಸ್ ಹೊರಟದ್ದು ಅದೇ ತಿಂಗಳು ಎಂಬುದನ್ನು ಗಮನಿಸಿ. ಅಲ್ಲಿಯವರೆಗೆ ನವಾರ್‌ನ ನೆಂಟಸ್ತಿಕೆ ಬೇಕಿತ್ತು, ಲೋನಾಕ್ ಗೆದ್ದ ಮೇಲೆ ಬೇಕಾಗಲಿಲ್ಲ.

ಬಂದ ಹಣವನ್ನು ಅವನು ಖರ್ಚು ಮಾಡಲಿಲ್ಲ. ಓರ್ತೆಜ್‌ನ ಮೊಂಕಾದ್ ಗೋಪುರದಲ್ಲಿ ಪೆಟ್ಟಿಗೆಗಳಲ್ಲಿ ತುಂಬಿಸಿಟ್ಟ. ಸತ್ತಾಗ ಅಲ್ಲಿ ಸಿಕ್ಕಿದ್ದು 7 ಲಕ್ಷಕ್ಕೂ ಮೇಲ್ಪಟ್ಟು ಫ್ಲೋರಿನ್. ಸಾಲ ಮಾಡದ ರಾಜರೇ ಇಲ್ಲದ ಕಾಲದಲ್ಲಿ ಈ ಸಣ್ಣ ಸೀಮೆಯ ಒಡೆಯ ಬೇರೆ ಶ್ರೀಮಂತರಿಗೆ ಸಾಲ ಕೊಡುತ್ತಿದ್ದ. 1385ರಲ್ಲಿ ಬೆಯಾರ್ನ್‌ನ ಮನೆಗಳನ್ನೆಲ್ಲ ಊರುವಾರು ಎಣಿಸಿ ಪಟ್ಟಿ ಮಾಡಿಸಿದ. ಒಲೆಗೊಂದು ತೆರಿಗೆ, ಲೆಕ್ಕ ತಪ್ಪುವಂತಿಲ್ಲ. ಆ ಪಟ್ಟಿ ಈಗಲೂ ಉಳಿದಿದೆ. ಮೊಂತಾನೆ, ಪೋ ಕೋಟೆಗಳ ಗೋಪುರಗಳಿಗೆ ಇಟ್ಟಿಗೆ ಬಳಸಿದ್ದೂ ಇದೇ ಲೆಕ್ಕಾಚಾರ: ಕಲ್ಲಿಗಿಂತ ಅಗ್ಗ, ಬೇಗ ಏಳುತ್ತದೆ.

ಅಂಥವನಿಗೆ ಮಗ ಎಂದರೆ ಖಜಾನೆಯ ಮುಂದಿನ ಕೀಲಿಕೈ. ಕೀಲಿಕೈ ನವಾರ್‌ನವರ ಕೈಗೆ ಹೋಗುತ್ತದೆ ಎಂದು ಅನಿಸಿದ ದಿನ ಅವನು ಏನು ಮಾಡಿರಬಹುದು ಎಂದು ಊಹಿಸಲು ಫ್ರ್ವಾಸಾರ್ ಬೇಕಾಗಿಲ್ಲ.

ಬೇಟೆನಾಯಿ:

ಎಲ್ಲರೂ ಸೇರಿ ಅವನನ್ನು ಜಿಪುಣ ಕೊಲೆಗಾರನನ್ನಾಗಿ ಮಾಡಿದಿರಿ. ಒಂದು ಮಾತು ಅವನ ಪರವಾಗಿಯೂ ಇರಲಿ. ಪಶುವೈದ್ಯಕೀಯ ಓದಿದ ನನಗೆ ಈ ಮನುಷ್ಯ ಪರಿಚಯವಾದದ್ದು ಅವನು ಬರೆದ ಬೇಟೆಯ ಗ್ರಂಥದಿಂದ. 1387ರ ಮೇ 1ರಂದು ಆರಂಭಿಸಿದೆ ಎಂದು ತಾನೇ ಹೇಳುತ್ತಾನೆ, ಬರ್ಗಂಡಿಯ ಡ್ಯೂಕ್ ಫಿಲಿಪ್‌ಗೆ ಅರ್ಪಿಸಿದ್ದಾನೆ. ಜೀವನದಲ್ಲಿ ತನಗೆ ಇಷ್ಟವಾದದ್ದು ಮೂರು: ಆಯುಧ, ಪ್ರೇಮ, ಬೇಟೆ. ಮೊದಲ ಎರಡರಲ್ಲಿ ತನಗಿಂತ ದೊಡ್ಡವರು ಇದ್ದಾರೆ, ಬೇಟೆಯಲ್ಲಿ ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ ಎಂಬ ಧಾಟಿ.

ನಾಯಿಮನೆ ಹೇಗಿರಬೇಕೆಂದು ಅವನು ಬರೆದದ್ದನ್ನು ಓದಬೇಕು. ಮರದ ಕಟ್ಟಡ, ನೆಲ ಭೂಮಿಯಿಂದ ಮೇಲೆ. ಹಿಂದೊಂದು ಮುಂದೊಂದು ಬಾಗಿಲು, ಹಿಂದೆ ದಿನವಿಡೀ ಬಿಸಿಲು ಬೀಳುವ ಹುಲ್ಲಿನ ಅಂಗಳ, ನಾಯಿಗಳು ಬೇಕೆಂದಾಗ ಹೋಗಿ ಬರುವಂತೆ. ತೇವ ಹರಿದುಹೋಗಲು ಚರಂಡಿ. ಚಳಿಗೆ, ಮಳೆಯಲ್ಲಿ ನೆನೆದು ಬಂದ ದಿನಕ್ಕೆ ಬೆಂಕಿಗೂಡು. ಹುಲ್ಲು ಬದಲಾಯಿಸುತ್ತಲೇ ಇರಬೇಕು. ನಾಯಿಗಳು ಕಚ್ಚಾಡದಂತೆ ಒಬ್ಬ ಹುಡುಗ ರಾತ್ರಿಯೂ ಅವುಗಳ ಜೊತೆಯಲ್ಲೇ ಮಲಗಬೇಕು. ನಾಯಿಗಳ ಕಜ್ಜಿ, ಹುಚ್ಚು, ಕಣ್ಣಿನ ಹೂವು, ಕಿವಿಯ ನೋವು, ಪಾದದ ಗಾಯ ಒಂದೊಂದಕ್ಕೂ ಉಪಚಾರ ಬರೆದಿದ್ದಾನೆ. ಕೇಳಿ ಬರೆದದ್ದಲ್ಲ, ಕೈಯಾರೆ ನೋಡಿದವನ ಮಾತು. ಅವನ ಬಳಿ 1,600 ನಾಯಿಗಳಿದ್ದವು ಎಂದು ಫ್ರ್ವಾಸಾರ್ ಹೇಳುವುದು ಉತ್ಪ್ರೇಕ್ಷೆಯೇ ಆದರೂ ಆ ಒಲವು ಸುಳ್ಳಲ್ಲ.

ಬೇಟೆಗಾರ ನೇರವಾಗಿ ಸ್ವರ್ಗಕ್ಕೆ ಹೋಗುತ್ತಾನೆ ಎಂಬುದು ಅವನ ಇನ್ನೊಂದು ವಾದ. ಬೆಳಗಿನಿಂದ ರಾತ್ರಿಯವರೆಗೆ ಮೈಮುರಿದು ದುಡಿಯುವವನಿಗೆ ಪಾಪ ಯೋಚಿಸಲು ಪುರುಸೊತ್ತೇ ಇರುವುದಿಲ್ಲವಂತೆ!

ಮತ್ತು ಆ ಸತ್ತ ನಾಯಿಯ ಬಗ್ಗೆ ಒಂದು ಮಾತು. ನಾಯಿಗಳನ್ನು ಇಷ್ಟು ಹಚ್ಚಿಕೊಂಡವನು ಅನುಮಾನದ ಪುಡಿಯನ್ನು ತನ್ನ ಬೇಟೆನಾಯಿಗೆ ಹಾಕಿದ ಎಂಬುದನ್ನು ನಾನು ಸುಲಭವಾಗಿ ನಂಬಲಾರೆ.

ರೊಕ್ಕದ ಗೂಡು:

ಮಗನಿಗೆ ಚಾಕು ಹಿಡಿದದ್ದನ್ನು ನಂಬುತ್ತೀರಿ, ನಾಯಿಗೆ ಬ್ರೆಡ್ ಹಾಕಿದ್ದನ್ನು ನಂಬುವುದಿಲ್ಲ. ವೈದ್ಯರೇ, ಭಲೇ!

ಕಡತಪ್ರಿಯ:

ಬೇಟೆಯ ಗ್ರಂಥದ ಜೊತೆಗೆ ಅವನ ಪ್ರಾರ್ಥನೆಗಳನ್ನೂ ಓದಬೇಕು. ಲ್ಯಾಟಿನ್‌ನಲ್ಲೂ ಫ್ರೆಂಚ್‌ನಲ್ಲೂ ಇರುವ ಆ ಪ್ರಾರ್ಥನೆಗಳು ಮಗನ ಸಾವಿನ ನಂತರ ಹುಟ್ಟಿದವು ಎಂದು ವಿದ್ವಾಂಸರು ಭಾವಿಸುತ್ತಾರೆ. ಪುಟ ಪುಟವೂ ಪಶ್ಚಾತ್ತಾಪ: ನಾನು ಪಾಪಿ, ನನ್ನ ಮೇಲೆ ಕರುಣೆಯಿಡು. ಆದರೆ ಪಾಪ ಯಾವುದು ಎಂದು ಎಲ್ಲೂ ಬಾಯಿ ಬಿಡುವುದಿಲ್ಲ, ಮಗನ ಹೆಸರಿಲ್ಲ. ದೇವರ ಮುಂದೆಯೂ ಮಾತನ್ನು ಅಳೆದು ಇಡುವ ಮನುಷ್ಯ. ಅವನ ಆಸ್ಥಾನದಲ್ಲಿ ಹೊರಗಿನವನೊಬ್ಬನಿಗೆ ಪೂರ್ತಿ ಸತ್ಯ ಹೇಳಿದರು ಎಂದು ನಾನು ಒಪ್ಪಬೇಕೇ?

ಹೊಸ ಓದುಗ:

ಮಗ ಸತ್ತ ಮೇಲೆ ಅಷ್ಟು ದುಡ್ಡು, ಅಷ್ಟು ನೆಲ ಯಾರಿಗೆ ಹೋಯಿತು? ಆ ಇವೇನ್‌ಗೇ?

ಕೋಟೆಬಾಗಿಲು:

ಇವೇನ್‌ಗೆ ಕೊಡಬೇಕೆಂಬ ಆಸೆ ಅಪ್ಪನಿಗೆ ಇತ್ತೆಂದು ಕಾಣುತ್ತದೆ, ಆದರೆ ಮದುವೆಯ ಹೊರಗೆ ಹುಟ್ಟಿದವನಿಗೆ ಸೀಮೆ ಕೊಡಿಸುವುದು ಸುಲಭವಲ್ಲ. ಕಾನೂನಿನ ಪ್ರಕಾರ ಹತ್ತಿರದ ವಾರಸುದಾರ ದಾಯಾದಿ ಮಾತ್ಯೂ ದ ಕಾಸ್ತೆಲ್ಬೋನ್. ಅವನನ್ನು ಕಂಡರೆ ಫೆಬ್ಯೂಸ್‌ಗೆ ಆಗುತ್ತಿರಲಿಲ್ಲ. ಅವನಿಗೆ ಹೋಗುವ ಬದಲು ಎಲ್ಲವೂ ದೊರೆಗೇ ಹೋಗಲಿ ಎಂದು 1390ರ ಜನವರಿಯಲ್ಲಿ ತುಲೂಸ್‌ನಲ್ಲಿ ಫ್ರಾನ್ಸಿನ ಆರನೆಯ ಚಾರ್ಲ್ಸ್ ಜೊತೆ ಒಪ್ಪಂದ ಮಾಡಿಕೊಂಡ. ಜೀವಮಾನವಿಡೀ ಫ್ರಾನ್ಸಿಗೆ ತಲೆ ಬಾಗದವನು ದಾಯಾದಿಯ ಮೇಲಿನ ಹಟಕ್ಕೆ ಬಾಗಿದ.

1391ರ ಆಗಸ್ಟ್ 1. ಸೋವೆತೆರ್ ಕಾಡಿನಲ್ಲಿ ಬೆಳಗಿನಿಂದ ಕರಡಿ ಬೇಟೆ, ಸುಡುವ ಬಿಸಿಲು. ಊಟಕ್ಕೆ ಓರಿಯೋನ್ ಎಂಬಲ್ಲಿಗೆ ಬಂದ. ನೆಲಕ್ಕೆ ಹಸಿರು ಸೊಪ್ಪು ಹಾಸಿದ್ದ ತಂಪು ಕೋಣೆ. ಕೈ ತೊಳೆಯಲು ತಣ್ಣೀರು ಹಾಕಿದ್ದೇ ತಡ, ಮುಖ ಬಿಳಿಚಿತು, ಕಾಲು ಕುಸಿಯಿತು, ಸತ್ತೆ ಎಂದು ಹಿಂದಕ್ಕೆ ಬಿದ್ದ. ಅರ್ಧ ಗಂಟೆಯೂ ಉಳಿಯಲಿಲ್ಲ. ನೀರು ತಂದ ಇಬ್ಬರು ಸೇವಕರು ತಮ್ಮ ಮೇಲೆ ಅನುಮಾನ ಬಾರದಿರಲೆಂದು ಎಲ್ಲರ ಮುಂದೆ ಅದೇ ನೀರನ್ನು ಕುಡಿದು ತೋರಿಸಿದರು. ಆ ಮನೆಯಲ್ಲಿ ವಿಷದ ಭಯ ಎಷ್ಟಿತ್ತು ನೋಡಿ.

ಇವೇನ್ ಅಲ್ಲೇ ಇದ್ದ. ಜೊತೆಯವರು ಕಿವಿಯಲ್ಲಿ ಹೇಳಿದರು: ಸುದ್ದಿ ಹರಡುವ ಮೊದಲು ಓರ್ತೆಜ್ ಸೇರು, ಖಜಾನೆ ಹಿಡಿ. ಅಪ್ಪನ ಗುರುತು ಕಾಣದೆ ಕೋಟೆಯ ಕಾವಲುಗಾರ ಬಾಗಿಲು ತೆಗೆಯುವುದಿಲ್ಲ. ಹಾಗಾಗಿ ಹೆಣದ ಬೆರಳಿನಿಂದ ಉಂಗುರ, ಜೊತೆಗೆ ಅಪ್ಪನ ಚಿಕ್ಕ ಚಾಕು, ಎರಡನ್ನೂ ತೆಗೆದುಕೊಂಡು ಕುದುರೆ ಓಡಿಸಿದ. ಬಾಗಿಲು ತೆರೆಯಿತು, ಆದರೆ ಊರಿನವರು ಸುತ್ತುವರಿದರು. ಕೊನೆಗೆ ಮಾತುಕತೆಯಾಗಿ ಬೆಯಾರ್ನ್‌ನ ಪ್ರಮುಖರು ಮಾತ್ಯೂನನ್ನೇ ಒಡೆಯನೆಂದು ಒಪ್ಪಿದರು. ದೊರೆಯೂ ಹಣ ಪಡೆದು ತನ್ನ ಒಪ್ಪಂದವನ್ನು ಬಿಟ್ಟುಕೊಟ್ಟ. ಇವೇನ್ ಪ್ಯಾರಿಸ್ ಸೇರಿದ.

ಅಜ್ಜಿಯ ಪೆಟ್ಟಿಗೆ:

ಪ್ಯಾರಿಸ್ ಎಂದಿರಿ, ಹಾಗಾದರೆ ಇನ್ನೊಬ್ಬಳ ಹೆಸರು ಬರಲೇಬೇಕು. ಓರ್ತೆಜ್‌ನಲ್ಲಿ ಬೆಳೆದ ಬುಲೋನ್‌ನ ಜಾನ್. ತಾಯಿ ಕೊಮ್ಯಾಂಜ್ ಕಡೆಯವಳು, ಆ ನೆಂಟಸ್ತಿಕೆಯಿಂದ ಮಗು ಫೆಬ್ಯೂಸ್ ಆಶ್ರಯಕ್ಕೆ ಬಂದಿತ್ತು. ದೊರೆಯ ಚಿಕ್ಕಪ್ಪ ಬೆರ್ರಿ ಡ್ಯೂಕ್ ಹೆಂಡತಿ ಸತ್ತ ಮೇಲೆ ಈ ಹನ್ನೆರಡರ ಹುಡುಗಿಯನ್ನು ಕೇಳಿದ. ಅವನಿಗೆ ಐವತ್ತಕ್ಕೆ ಸಮೀಪ. ಫೆಬ್ಯೂಸ್ ಬೇಡವೆನ್ನಲಿಲ್ಲ, ಬೆಲೆ ಹೇಳಿದ: ಇಷ್ಟು ವರ್ಷ ಸಾಕಿದ ಖರ್ಚು 30 ಸಾವಿರ ಫ್ರಾಂಕ್ ಇಡಿ, ಕರೆದುಕೊಂಡು ಹೋಗಿ. 1389ರಲ್ಲಿ ಹುಡುಗಿಯನ್ನು ಕಳಿಸಿಕೊಟ್ಟರು. ಫ್ರ್ವಾಸಾರ್ ಊರಿಗೆ ಹೊರಟದ್ದು ಅದೇ ದಿಬ್ಬಣದ ಜೊತೆ.

ನಾಲ್ಕು ವರ್ಷ ಕಳೆಯಿತು. 1393ರ ಜನವರಿ 28ರ ರಾತ್ರಿ ಪ್ಯಾರಿಸ್ಸಿನ ಸೇಂಟ್ ಪೋಲ್ ಅರಮನೆಯಲ್ಲಿ ಕುಣಿತ. ಆರು ಮಂದಿ ಕಾಡುಮನುಷ್ಯರ ವೇಷ ಹಾಕಿ ಬಂದರು: ಮೈಗೆ ಹೊಲಿದ ಬಟ್ಟೆ, ಅದಕ್ಕೆ ರಾಳ ಬಳಿದು ಅಂಟಿಸಿದ ನಾರು. ಅವರಲ್ಲಿ ಒಬ್ಬ ಸ್ವತಃ ದೊರೆ, ಇನ್ನೊಬ್ಬ ಇವೇನ್. ದೊರೆಯ ತಮ್ಮ ಪಂಜು ಹಿಡಿದು ಹತ್ತಿರ ಬಂದ, ಕಿಡಿ ತಗುಲಿತು. ದೊರೆ ಆಗ ಗುಂಪಿನಿಂದ ಬೇರೆಯಾಗಿ ತನ್ನ ಚಿಕ್ಕಮ್ಮನ ಜೊತೆ ಚೇಷ್ಟೆ ಮಾಡುತ್ತ ನಿಂತಿದ್ದ. ಹದಿನೈದರ ಆಸುಪಾಸಿನ ಆ ಚಿಕ್ಕಮ್ಮನೇ ಜಾನ್. ತನ್ನ ಅಗಲವಾದ ಲಂಗವನ್ನು ಅವನ ಮೇಲೆ ಹೊದಿಸಿ ಹಿಡಿದಳು, ದೊರೆ ಬದುಕಿದ. ಒಬ್ಬ ಪಾತ್ರೆ ತೊಳೆಯುವ ನೀರಿನ ತೊಟ್ಟಿಗೆ ಹಾರಿ ಉಳಿದುಕೊಂಡ. ಇವೇನ್ ಎರಡು ದಿನ ನರಳಿ ಸತ್ತ. ಓರ್ತೆಜ್‌ನ ಒಂದೇ ಮನೆಯಲ್ಲಿ ಬೆಳೆದವರು ಇಬ್ಬರು, ಒಬ್ಬಳು ಬೆಂಕಿ ನಂದಿಸಿದಳು, ಇನ್ನೊಬ್ಬ ಅದರಲ್ಲೇ ಸುಟ್ಟುಹೋದ.

ರೊಕ್ಕದ ಗೂಡು:

ಬೆರ್ರಿ ಡ್ಯೂಕ್ ಕೊಟ್ಟ 30 ಸಾವಿರಕ್ಕೆ ಅವನ ಅಣ್ಣನ ಮಗ ಉಳಿದ. ಫೆಬ್ಯೂಸ್ ಇದ್ದಿದ್ದರೆ ಇನ್ನೂ ಕೇಳಬಹುದಿತ್ತಲ್ಲ ಎಂದು ಕೈ ಹಿಸುಕಿಕೊಳ್ಳುತ್ತಿದ್ದ.

ಹೊಸ ಓದುಗ:

ಅಲ್ಲಿಗೆ ವಂಶ ಮುಗಿಯಿತೇ? ಫ್ರಾನ್ಸಿನ ನಾಲ್ಕನೆಯ ಹೆನ್ರಿ ಇವನ ವಂಶದವನು ಎಂದು ಎಲ್ಲೋ ಓದಿದ್ದೆ.

ಕಡತಪ್ರಿಯ:

ಇವನ ಮಕ್ಕಳಿಂದ ಅಲ್ಲ, ದಾಯಾದಿಗಳಿಂದ. ಮಾತ್ಯೂ 1398ರಲ್ಲಿ ಮಕ್ಕಳಿಲ್ಲದೆ ಸತ್ತ. ಅವನ ತಂಗಿ ಇಜಬೆಲ್ ಮತ್ತು ಆಕೆಯ ಗಂಡ ಆರ್ಶಾಂಬೋ ದ ಗ್ರಾಯಿಗೆ ಎಲ್ಲವೂ ಬಂತು. ಈ ಗ್ರಾಯಿ ಮನೆ ಯಾವುದೆಂದರೆ, 1358ರಲ್ಲಿ ರೈತರ ದಂಗೆಯ ಕಾಲಕ್ಕೆ ಮೋ ಪಟ್ಟಣದಲ್ಲಿ ಸಿಕ್ಕಿಬಿದ್ದಿದ್ದ ಯುವರಾಜನ ಹೆಂಡತಿಯನ್ನು ಫೆಬ್ಯೂಸ್ ಜೊತೆ ಸೇರಿ ಬಿಡಿಸಿದ ಗ್ಯಾಸ್ಕನಿಯ ಸರದಾರ ಕಾಪ್ತಾಲ್ ದ ಬ್ಯೂಷ್‌ನ ಮನೆ. ಅವನು ಇಂಗ್ಲಿಷರ ಪಕ್ಷದವನು. ಹೆಂಗಸರ ರಕ್ಷಣೆಗೆ ಪಕ್ಷ ಮರೆತ. ಪ್ರಶ್ಯಾದಿಂದ ಇಬ್ಬರೂ ಒಟ್ಟಿಗೆ ಮರಳುತ್ತಿದ್ದಾಗ ನಡೆದ ಘಟನೆ ಅದು. ದಂಗೆಯೆದ್ದ ಬಡವರನ್ನು ಇವರು ಕೊಚ್ಚಿ ಹಾಕಿದ ರೀತಿಯನ್ನು ವೀರಗಾಥೆಯಾಗಿ ಹೇಳುವವರು ಇನ್ನೂ ಇದ್ದಾರೆ, ನನಗೆ ಆಗುವುದಿಲ್ಲ.

ಗ್ರಾಯಿ ಸಂತತಿಯವರು ನವಾರ್‌ನ ಸಿಂಹಾಸನಕ್ಕೂ ಏರಿದರು. ಅವರಲ್ಲಿ ಒಬ್ಬ ಎಳೆಯ ದೊರೆಗೆ ಫ್ರಾನ್ಸ್ವಾ ಫೆಬ್ಯೂಸ್ ಎಂದೇ ಹೆಸರು. ನಂತರ ಆ ಮನೆಯ ಕಾತ್ರಿನ್ ಆಲ್ಬ್ರೆ ಮನೆಗೆ ಸೊಸೆಯಾಗಿ ಹೋದಳು. ಲೋನಾಕ್‌ನಲ್ಲಿ ಸೆರೆಸಿಕ್ಕಿ ಹಣ ತೆತ್ತ ಅದೇ ಆಲ್ಬ್ರೆ. ಆಕೆಯ ಮೊಮ್ಮಗಳು ಜಾನ್ ದಾಲ್ಬ್ರೆ, ಅವಳ ಮಗ ನಾಲ್ಕನೆಯ ಹೆನ್ರಿ, 1553ರಲ್ಲಿ ಪೋ ಕೋಟೆಯಲ್ಲಿ ಹುಟ್ಟಿದ. ಆ ಕೋಟೆಯ ಇಟ್ಟಿಗೆ ಗೋಪುರ ಫೆಬ್ಯೂಸ್ ಕಟ್ಟಿಸಿದ್ದು.

ಬೇಟೆನಾಯಿ:

ಹೊಸ ಓದುಗರೇ, ವಂಶವೃಕ್ಷ ಸಾಕಾದರೆ ಚಿತ್ರ ನೋಡಿ. ಬೇಟೆಯ ಗ್ರಂಥದ ಅತ್ಯಂತ ಸುಂದರ ಪ್ರತಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ, ಫ್ರೆಂಚ್ ಹಸ್ತಪ್ರತಿ ಸಂಖ್ಯೆ 616. ಎಂಬತ್ತೇಳು ವರ್ಣಚಿತ್ರಗಳು. ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿ ತೆರೆಯುತ್ತದೆ. ನಾಯಿಗಳ ಉಪಚಾರದ ಚಿತ್ರವನ್ನು ಹುಡುಕಿ: ಒಬ್ಬ ನಾಯಿಯ ಬಾಯಿ ತೆರೆದು ನೋಡುತ್ತಿದ್ದಾನೆ, ಇನ್ನೊಬ್ಬ ಅಗಲವಾದ ಪಾತ್ರೆಯಲ್ಲಿ ಪಾದ ತೊಳೆಯುತ್ತಿದ್ದಾನೆ. ನನ್ನ ಚಿಕಿತ್ಸಾಲಯದ ಗೋಡೆಗೆ ಅದನ್ನೇ ಮುದ್ರಿಸಿ ಹಾಕಿದ್ದೇನೆ. ಬರುವವರೆಲ್ಲ ಇದು ಯಾವ ಊರಿನ ಡಾಕ್ಟರು ಎಂದು ಕೇಳುತ್ತಾರೆ.